ಶಟರ್ ಎಳೆದರೆ ಬಾಡಿಗೆ ನಿಲ್ಲುವುದಿಲ್ಲ: ಮಳಿಗೆಯ ಕರಾರಿನಿಂದ ಬಿಡಿಸಿಕೊಳ್ಳುವ ದಾರಿ

ವ್ಯಾಪಾರ ಕೂತುಹೋದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಶಟರ್ ಎಳೆಯುವುದು. ಆಮೇಲೆ ಮಾಲೀಕರ ಫೋನ್ ಎತ್ತದಿರುವುದು. ಅದೂ ಆದ ಮೇಲೆ ‘ಅಡ್ವಾನ್ಸ್ ಉಂಟಲ್ಲ, ಅದರಲ್ಲೇ ಮುರಿದುಕೊಳ್ಳಲಿ’ ಎಂದು ಸುಮ್ಮನೆ ಕೂರುವುದು. ಈ ಮೂರರಲ್ಲಿ ಒಂದರಿಂದಲೂ ಬಾಡಿಗೆ ನಿಲ್ಲುವುದಿಲ್ಲ. ಬಾಗಿಲಿಗೆ ನಿಮ್ಮ ಬೀಗ ಇದ್ದು, ಚಾವಿ ನಿಮ್ಮ ಕಿಸೆಯಲ್ಲಿದ್ದರೆ ಜಾಗ ನಿಮ್ಮ ಸ್ವಾಧೀನದಲ್ಲಿದೆ ಎಂದೇ ಲೆಕ್ಕ. ಒಳಗೆ ವ್ಯಾಪಾರ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಕರಾರು ಕೇಳುವುದಿಲ್ಲ. ಬಾಡಿಗೆಯ ಮೀಟರ್ ನಿಲ್ಲುವುದು ಜಾಗವನ್ನು ಮಾಲೀಕರಿಗೆ ಒಪ್ಪಿಸಿದ ದಿನ, ಅದೂ ಒಪ್ಪಿಸಿದ್ದಕ್ಕೆ ಕಾಗದ ಇದ್ದರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಹೊರಬರಲು ಹೊರಟ ಬಾಡಿಗೆದಾರನ ಕೈಯಲ್ಲಿರುವ ಬಲ ಎರಡೇ: ಇನ್ನೂ ಕರಗದೆ ಉಳಿದಿರುವ ಡಿಪಾಸಿಟ್ ಮತ್ತು ಮುಂಚಿತವಾಗಿ ತಿಳಿಸಿದ ಸಮಯ. ನಾಲ್ಕು ತಿಂಗಳ ಬಾಕಿ ಬಿದ್ದ ಮೇಲೆ ಮಾತಿಗೆ ಕೂತರೆ ಎರಡೂ ಹೋಗಿರುತ್ತವೆ.

ನಿಮ್ಮ ಕಾಗದ ಯಾವ ಜಾತಿಯದು

ಉತ್ತರ ಕನ್ನಡದ ಕಾರವಾರ, ಕುಮಟಾ, ಶಿರಸಿ ಪೇಟೆಗಳಲ್ಲಿ ಮಳಿಗೆ ಕರಾರುಗಳು ಹೆಚ್ಚಾಗಿ ಮೂರು ಬಗೆ. ಹನ್ನೊಂದು ತಿಂಗಳಿನದು, ಮೂರು ಅಥವಾ ಐದು ವರ್ಷಕ್ಕೆಂದು ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿ, ಉಪನೋಂದಣಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತದೇ ಬಿಟ್ಟದ್ದು, ಮತ್ತು ಸರಿಯಾಗಿ ನೋಂದಣಿ ಆದದ್ದು. ಹೊರಬರುವ ದಾರಿ ಯಾವುದೆಂದು ಅರ್ಧಕ್ಕರ್ಧ ತೀರ್ಮಾನವಾಗುವುದು ಇಲ್ಲಿಯೇ.

ಆಸ್ತಿ ವರ್ಗಾವಣೆ ಕಾಯ್ದೆ 1882ರ 107ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಲೀಸ್, ಅಂದರೆ ಬಾಡಿಗೆ ಕರಾರು, ನೋಂದಾಯಿತ ಪತ್ರದಿಂದಲೇ ಆಗಬೇಕು. ನೋಂದಣಿ ಇಲ್ಲದ ಮೂರು ವರ್ಷದ ಕರಾರಿನ ಷರತ್ತುಗಳನ್ನು ನ್ಯಾಯಾಲಯ ಸಾಕ್ಷ್ಯವಾಗಿ ನೋಡುವುದಿಲ್ಲ. ಸ್ವಾಧೀನ ಯಾವ ಬಗೆಯದು ಎಂಬಂಥ ಪಕ್ಕದ ಸಂಗತಿಗೆ ಮಾತ್ರ ಬಳಸಬಹುದು. ಆಗ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುತ್ತಿದೆ ಎಂದು ಭಾವಿಸಿ 106ನೇ ಕಲಮಿನ ಹದಿನೈದು ದಿನಗಳ ನೋಟೀಸು ಸಾಕಾಗುತ್ತದೆ. ಪಾರ್ಕ್ ಸ್ಟ್ರೀಟ್ ಪ್ರಾಪರ್ಟೀಸ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಲ್ಲಿ ಇದರ ಲಾಭ ಸಿಕ್ಕಿದ್ದು ಬಿಡಿಸಲು ಹೊರಟ ಮಾಲೀಕನಿಗೆ, ಆದರೆ ಕತ್ತಿಗೆ ಎರಡೂ ಕಡೆ ಬಾಯಿ. ಹೀಗಾಗಿ ‘ಎರಡು ವರ್ಷ ಬಿಡುವ ಹಾಗಿಲ್ಲ’ ಎಂದು ನೋಂದಣಿಯಾಗದ ಕಾಗದ ತೋರಿಸಿ ಹೆದರಿಸುವ ಮಾಲೀಕರ ಕೈಯಲ್ಲಿ, ಅವರು ಅಂದುಕೊಂಡಷ್ಟು ಬಲವಾದ ಅಸ್ತ್ರ ಇರುವುದಿಲ್ಲ.

ಹನ್ನೊಂದು ತಿಂಗಳ ಕರಾರು ಮುಗಿದು, ನವೀಕರಿಸದೆ ಬಾಡಿಗೆ ಕೊಡುತ್ತ ತೆಗೆದುಕೊಳ್ಳುತ್ತ ವರ್ಷಗಟ್ಟಲೆ ಸಾಗಿದ್ದರೂ ಹಾಗೆಯೇ. 116ನೇ ಕಲಮಿನಡಿ ಅದು ತಿಂಗಳ ಬಾಡಿಗೆಯಾಗಿ ಮುಂದುವರಿದಂತೆ. ಇಂಥ ಅಂಗಡಿಕಾರರು ತಾವು ಕಟ್ಟಿಬಿದ್ದಿದ್ದೇವೆ ಎಂದು ಸುಮ್ಮನೆ ಹೆದರುತ್ತಾರೆ. ಹನ್ನೊಂದು ತಿಂಗಳ ಅವಧಿ ಇನ್ನೂ ಓಡುತ್ತಿದ್ದರೆ ಮಾತ್ರ ಅದರಲ್ಲಿ ಬರೆದ ನೋಟೀಸು ಅವಧಿಯನ್ನು ಪಾಲಿಸಬೇಕು.

ತಯಾರಿಕಾ ಘಟಕಗಳಿಗೆ ಈ ಲೆಕ್ಕ ಬೇರೆ. ಉತ್ಪಾದನೆಗೆಂದು ಕೊಟ್ಟ ಜಾಗವನ್ನು ಕಾಯ್ದೆ ವರ್ಷದ ಲೀಸ್ ಎಂದು ನೋಡಿ ಆರು ತಿಂಗಳ ನೋಟೀಸು ಕೇಳುತ್ತದೆ. ಕುಮಟಾ-ಅಂಕೋಲಾ ಕಡೆ ಗೋಡಂಬಿ ಕಾರ್ಖಾನೆಗೆ ಶೆಡ್ ಬಾಡಿಗೆ ಹಿಡಿದವರು ನೋಟೀಸು ಬರೆಯುವ ಮೊದಲು ವಕೀಲರಿಗೆ ಕರಾರು ತೋರಿಸಿಕೊಳ್ಳುವುದು ಕ್ಷೇಮ.

ಗೋವಾ, ಮುಂಬೈ ಗಾಳಿ ಬೀಸುವ ಕಾರವಾರದಲ್ಲಿ ‘ಲೀವ್ ಆಂಡ್ ಲೈಸೆನ್ಸ್’ (ಜಾಗ ಬಳಸಲು ಬರೀ ಅನುಮತಿ) ಎಂಬ ತಲೆಬರಹದ ಕಾಗದವೂ ಸಿಗುತ್ತದೆ. ತಲೆಬರಹ ಏನೇ ಇರಲಿ, ಜಾಗದ ಪೂರ್ಣ ಸ್ವಾಧೀನ ನಿಮಗೆ ಕೊಟ್ಟಿದ್ದರೆ ಅದು ಲೀಸ್ ಎಂದೇ ನ್ಯಾಯಾಲಯ ನೋಡುತ್ತದೆ. ಇನ್ನು ಕರ್ನಾಟಕ ಬಾಡಿಗೆ ಕಾಯ್ದೆ 1999ನ್ನು ನೆಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ, ಮೀರಿದ ವಾಣಿಜ್ಯ ಜಾಗಕ್ಕೆ ಅದು ಅನ್ವಯಿಸುವುದಿಲ್ಲ. ಅನ್ವಯಿಸಿದರೂ ಅದರ ಕಾಳಜಿ ಬಾಡಿಗೆದಾರನನ್ನು ಎಬ್ಬಿಸುವುದರ ಬಗ್ಗೆ, ತಾನಾಗಿ ಎದ್ದು ಹೋಗುವವನ ಬಗ್ಗೆ ಅಲ್ಲ.

ಲಾಕ್-ಇನ್ ಎಂಬ ಗಂಟು

ನಿಜವಾದ ಕಷ್ಟ ಇರುವುದು ನೋಂದಣಿಯಾದ, ಲಾಕ್-ಇನ್ ಅವಧಿ (ಅಷ್ಟು ದಿನ ಬಿಡುವ ಹಾಗಿಲ್ಲ ಎಂಬ ಷರತ್ತು) ಇರುವ ಕರಾರಿನಲ್ಲಿ. ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. ಕುಮಟಾದಲ್ಲಿ ಒಂದು ಮಳಿಗೆ. ತಿಂಗಳಿಗೆ 18,000 ರೂ. ಬಾಡಿಗೆ, 1,50,000 ರೂ. ಡಿಪಾಸಿಟ್, ಮೂರು ವರ್ಷದ ಕರಾರು, ಹದಿನೆಂಟು ತಿಂಗಳ ಲಾಕ್-ಇನ್. ಎಂಟು ತಿಂಗಳು ಕಳೆದಿದೆ. ಬಾಡಿಗೆ ಕೊಟ್ಟ ಮೇಲೆ ತಿಂಗಳಿಗೆ 25,000 ರೂ. ಕೈಯಿಂದ ಹೋಗುತ್ತಿದೆ.

ಮಾಲೀಕರು ಉಳಿದ ಹತ್ತು ತಿಂಗಳ 1,80,000 ರೂ. ಕೇಳುತ್ತಾರೆ, ಡಿಪಾಸಿಟ್ ಮುಟ್ಟುಗೋಲು ಎನ್ನುತ್ತಾರೆ. ಕರಾರಿನಲ್ಲಿ ಹಾಗೆ ಬರೆದಿರಲೂಬಹುದು. ಆದರೆ ಕರಾರು ಕಾಯ್ದೆ 1872ರ 74ನೇ ಕಲಮಿನ ಪ್ರಕಾರ ಬರೆದಿಟ್ಟ ಮೊತ್ತ ಒಂದು ಮೇಲ್ಮಿತಿ ಮಾತ್ರ. ಸಿಗುವುದು ಅದರೊಳಗಿನ ಸಮಂಜಸ ಪರಿಹಾರ. ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿರುವ ಕಡೆ ತೋರಿಸಲೇಬೇಕು ಎಂದು ಕೈಲಾಶ್ ನಾಥ್ ಪ್ರಕರಣದಲ್ಲಿ (2015) ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 73ನೇ ಕಲಮಿನ ವಿವರಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ನಷ್ಟ ತಗ್ಗಿಸಿಕೊಳ್ಳಲು ಏನು ದಾರಿ ಇತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂರನೇ ತಿಂಗಳಿಗೇ ಹೊಸ ಬಾಡಿಗೆದಾರ ಬಂದು ಅದೇ 18,000 ಕೊಡತೊಡಗಿದರೆ, ಒಂದೇ ಮಳಿಗೆಗೆ ಇಬ್ಬರಿಂದ ಬಾಡಿಗೆ ಎಣಿಸುವುದನ್ನು ಮಾಲೀಕರು ಸಮರ್ಥಿಸಿಕೊಳ್ಳುವುದು ಕಷ್ಟ.

ಹಾಗೆಂದು ಇದನ್ನು ಗೆದ್ದ ಮೊಕದ್ದಮೆ ಎಂದು ತಿಳಿಯಬೇಡಿ. ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟು ದಿನ ಡಿಪಾಸಿಟ್ ಇರುವುದು ಅವರ ಹತ್ತಿರ. ಈ ಕಲಮುಗಳ ನಿಜವಾದ ಉಪಯೋಗ ಮಾತುಕತೆಯಲ್ಲಿ. ಮೂರು ತಿಂಗಳ ಬಾಡಿಗೆ (54,000) ಮತ್ತು ಬಣ್ಣ-ರಿಪೇರಿಗೆ 12,000 ಬಿಟ್ಟುಕೊಟ್ಟು 84,000 ರೂ. ವಾಪಸ್ ಪಡೆದು ಈಗಲೇ ಹೊರಬಂದರೆ ಹೋಗುವುದು 66,000. ‘ಸೀಸನ್‌ನಲ್ಲಿ ಏರಬಹುದು’ ಎಂದು ಆರು ತಿಂಗಳು ಎಳೆದರೆ ಹೋಗುವುದು 1,50,000. ಆಗಲೂ ಲಾಕ್-ಇನ್‌ನಲ್ಲಿ ನಾಲ್ಕು ತಿಂಗಳು, ಅಂದರೆ 72,000 ರೂ. ಬಾಕಿಯೇ. ಬಹಳಷ್ಟು ಅಂಗಡಿಗಳು ಮುಳುಗುವುದು ಈ ಆರು ತಿಂಗಳಲ್ಲಿ. ಹಾಳೆಯ ಮೇಲೆ ಈ ಎರಡು ಸಾಲು ಬರೆದುಕೊಳ್ಳದೆ ಯಾರೂ ಮಾಲೀಕರ ಮನೆಗೆ ಹೋಗಬಾರದು.

ದುರಂತ ಬಂದರೆ ಕರಾರು ತಾನಾಗಿ ಬೀಳುತ್ತದೆಯೇ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಹೆದ್ದಾರಿಯ ಓಡಾಟವನ್ನೇ ನಂಬಿದ ಹೋಟೆಲು, ಗ್ಯಾರೇಜು, ಅಂಗಡಿಗಳಿಗೆ ರಸ್ತೆ ನಿಂತರೆ ಗಿರಾಕಿಯೂ ನಿಂತಂತೆ. ಇಂಥಲ್ಲಿ ಬಾಡಿಗೆ ಮಾಫಿ ಆಗಬೇಕಲ್ಲ ಎಂದು ಅನಿಸುವುದು ಸಹಜ. ಕಾನೂನು ಅಷ್ಟು ಉದಾರಿಯಲ್ಲ.

ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಇ ಖಂಡ ಹೇಳುವುದು ಇಷ್ಟು: ಬೆಂಕಿ, ಬಿರುಗಾಳಿ, ನೆರೆ ಮುಂತಾದ ತಡೆಯಲಾಗದ ಶಕ್ತಿಯಿಂದ ಬಾಡಿಗೆ ಜಾಗದ ಮುಖ್ಯ ಭಾಗವೇ ಪೂರ್ತಿ ನಾಶವಾದರೆ, ಅಥವಾ ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೆ ಗಣನೀಯವಾಗಿ ಮತ್ತು ಶಾಶ್ವತವಾಗಿ ನಿರುಪಯುಕ್ತವಾದರೆ, ಲೀಸ್ ರದ್ದು ಮಾಡುವ ಆಯ್ಕೆ ಬಾಡಿಗೆದಾರನದು. ಒತ್ತಿ ಹೇಳಬೇಕಾದ ಪದ ‘ಶಾಶ್ವತವಾಗಿ’. ಎರಡು ದಿನ ಮಳಿಗೆಯೊಳಗೆ ನೀರು ನಿಂತರೆ, ಎದುರಿನ ರಸ್ತೆ ತಿಂಗಳುಗಟ್ಟಲೆ ಬಂದಾದರೆ, ಚತುಷ್ಪಥ ಕಾಮಗಾರಿಯಿಂದ ವಾಹನ ನಿಲ್ಲಿಸಲು ಜಾಗ ಇಲ್ಲವಾದರೆ ಇದು ಅನ್ವಯಿಸುವುದಿಲ್ಲ. ಇನ್ನೊಂದು: ನಾಶವಾದ ಮೇಲೂ ಲೀಸ್ ತಾನಾಗಿ ಬೀಳುವುದಿಲ್ಲ, ರದ್ದು ಮಾಡುತ್ತಿದ್ದೇನೆ ಎಂದು ನೀವು ತಿಳಿಸಬೇಕು.

ಕರಾರು ಕಾಯ್ದೆಯ 56ನೇ ಕಲಮು, ಅಂದರೆ ಪಾಲನೆ ಅಸಾಧ್ಯವಾಗಿ ಕರಾರು ಅಸಿಂಧುವಾಗುವ ತತ್ವ, ಈಗಾಗಲೇ ಜಾಗ ಒಪ್ಪಿಸಿ ಆಗಿರುವ ಲೀಸ್‌ಗೆ ಸಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಕೋವಿಡ್ ಕಾಲದಲ್ಲಿ ದೆಹಲಿಯ ಖಾನ್ ಮಾರ್ಕೆಟ್‌ನ ಅಂಗಡಿಯೊಂದರ ಬಾಡಿಗೆಯ ಪ್ರಶ್ನೆ ಬಂದಾಗ ದೆಹಲಿ ಹೈಕೋರ್ಟ್ (ರಮಾನಂದ್ ಪ್ರಕರಣ, 2020) ಇದೇ ಜಾಡು ಹಿಡಿದು ಬಾಡಿಗೆ ಅಮಾನತು ಮಾಡಲು ಒಪ್ಪಲಿಲ್ಲ. ಸಮಯ ಮಾತ್ರ ಸ್ವಲ್ಪ ಕೊಟ್ಟಿತು. ನಿಮ್ಮ ಕರಾರಿನಲ್ಲೇ ‘ದೈವಿಕ ವಿಪತ್ತು’ ಷರತ್ತಿದ್ದು, ಅದರಲ್ಲಿ ಬಾಡಿಗೆ ಕಡಿತದ ಮಾತು ಬರೆದಿದ್ದರೆ ಕಥೆ ಬೇರೆ. ಆದ್ದರಿಂದ ಕರಾವಳಿಯಲ್ಲಿ ಹೊಸ ಕರಾರು ಬರೆಯುವವರು ಈ ಷರತ್ತಿನಲ್ಲಿ ‘ಹೆದ್ದಾರಿ ಸಂಚಾರ ಇಷ್ಟು ದಿನ ಮೀರಿ ಸ್ಥಗಿತಗೊಂಡರೆ’ ಎಂದು ಬಿಡಿಸಿ ಬರೆಸಿಕೊಳ್ಳುವುದು ಲೇಸು.

ಯಾವಾಗ, ಏನು ಕೇಳಬೇಕು

ನಮ್ಮ ಜಿಲ್ಲೆಯಲ್ಲಿ ಹೊರಬರುವ ತಿಂಗಳೇ ಬೆಲೆ ನಿರ್ಧರಿಸುತ್ತದೆ. ಗೋಕರ್ಣ, ಮುರ್ಡೇಶ್ವರದಲ್ಲಿ ಜೂನ್‌ನಲ್ಲಿ ಚಾವಿ ಕೊಟ್ಟರೆ ಮಾಲೀಕರ ಕಣ್ಣ ಮುಂದೆ ಅಕ್ಟೋಬರ್‌ವರೆಗೆ ಖಾಲಿ ಮಳಿಗೆ. ಅವರು ಹೆಚ್ಚು ಕೇಳುವುದು ಸಹಜ. ಅದೇ ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡುತ್ತೇನೆಂದು ಜುಲೈನಲ್ಲಿ ತಿಳಿಸಿದರೆ ಪ್ರವಾಸಿ ಸೀಸನ್‌ಗೆ ಅವರಿಗೆ ಹೊಸಬರು ಸಿಗುತ್ತಾರೆ. ಮೀನುಗಾರಿಕೆ ಬಂದರಿನ ಆಸುಪಾಸಿನ ಅಂಗಡಿಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ದೋಣಿಗಳ ನಿಷೇಧ ಮುಗಿಯುವ ಹೊತ್ತು ಸೂಕ್ತ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಮುಂಚೆ ಪೇಟೆಯ ಮಳಿಗೆಗಳಿಗೆ ಬೇಡಿಕೆ ಇರುತ್ತದೆ. ನಿಮ್ಮ ನೋಟೀಸು ಅವಧಿ ಅಲ್ಲಿಗೆ ಮುಗಿಯುವಂತೆ ಹಿಂದಿನಿಂದ ಎಣಿಸಿ.

ಬಿಡುವುದಕ್ಕಿಂತ ಮೊದಲು, ಮಳೆಗಾಲದ ಬಾಡಿಗೆ ಅರ್ಧ ಮಾಡಿಕೊಡಿ, ಹಿಂದಿನ ಗೋದಾಮು ಬಿಟ್ಟುಕೊಡುತ್ತೇನೆ, ಬಾಡಿಗೆ ಇಳಿಸಿ ಎಂದು ಕೇಳಿ ನೋಡಬಹುದು. ಒಪ್ಪಿದರೆ ಅದನ್ನು ಬರೆಹದಲ್ಲಿ ತರಬೇಕು. ನೋಂದಾಯಿತ ಕರಾರಿನ ಷರತ್ತನ್ನು ಬಾಯಿಮಾತಿನಲ್ಲಿ ಬದಲಿಸಿದೆವು ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ತಿದ್ದುಪಡಿ ಪತ್ರವೂ ನೋಂದಣಿಯಾಗಬೇಕು. ‘ಆಯ್ತು, ಈ ಮಳೆಗಾಲ ಅರ್ಧ ಕೊಡು ಮಾರಾಯ’ ಎಂದ ಮಾಲೀಕರು ಡಿಪಾಸಿಟ್ ಲೆಕ್ಕ ಮಾಡುವಾಗ ಉಳಿದರ್ಧವನ್ನು ಬಾಕಿಗೆ ಸೇರಿಸುವುದು ಹೊಸದೇನಲ್ಲ.

ಬದಲಿ ಬಾಡಿಗೆದಾರನನ್ನು ಹುಡುಕಿ ಕೊಡುವುದು ಅತ್ಯುತ್ತಮ ದಾರಿ. ಕಾಯ್ದೆಯ ಪ್ರಕಾರ ಬಾಡಿಗೆದಾರ ತನ್ನ ಹಕ್ಕನ್ನು ವರ್ಗಾಯಿಸಬಹುದು, ಆದರೆ ಬಹುತೇಕ ಕರಾರುಗಳು ಒಳಬಾಡಿಗೆಯನ್ನು ನಿಷೇಧಿಸಿರುತ್ತವೆ. ನಿಷೇಧ ಇಲ್ಲದಿದ್ದರೂ ನಿಮ್ಮ ಹೆಸರಿನ ಕರಾರಿನ ಮೇಲೆ ಬೇರೆಯವರನ್ನು ಕೂರಿಸಬೇಡಿ. ಅವರು ಬಾಡಿಗೆ ಕಟ್ಟದಿದ್ದರೆ ಕೇಳುವುದು ನಿಮ್ಮನ್ನೇ. ನಿಮ್ಮ ಕರಾರು ಮುಗಿಸುವ ಪತ್ರಕ್ಕೂ ಹೊಸಬರ ಕರಾರಿಗೂ ಒಂದೇ ದಿನ ಸಹಿ ಬೀಳಲಿ. ಒಳಾಂಗಣ, ಫರ್ನಿಚರ್ ಬಾಬ್ತು ಹೊಸಬರಿಂದ ಪಡೆಯುವ ಹಣವನ್ನು ಮಾಲೀಕರ ಸಹಿಗೆ ಮುಂಚೆ ಮುಟ್ಟಬೇಡಿ. ಮಾಲೀಕರು ಕೊನೇ ಗಳಿಗೆಯಲ್ಲಿ ಬಾಡಿಗೆ ಏರಿಸಿದರೆ ಹೊಸಬರು ಹಿಂದೆ ಸರಿಯುತ್ತಾರೆ, ನೀವು ಖರ್ಚು ಮಾಡಿಬಿಟ್ಟ ಮುಂಗಡ ವಾಪಸ್ ಕೊಡಬೇಕಾಗುತ್ತದೆ.

ನಗರಸಭೆ, ಪುರಸಭೆ, ಎಪಿಎಂಸಿ ಮಳಿಗೆಗಳಲ್ಲಿ ಈ ಚೌಕಾಶಿಗೆ ಜಾಗವಿಲ್ಲ. ಅರ್ಜಿ ಕೊಟ್ಟು, ಬಾಕಿ ತೀರಿಸಿ, ಕಡತ ಸಾಗುವುದನ್ನು ಕಾಯಬೇಕು. ಕಾರವಾರ, ಶಿರಸಿಯಂಥ ನಗರಸಭೆಯಲ್ಲಿ ಪೌರಾಯುಕ್ತರಿಗೆ, ಕುಮಟಾದಂಥ ಪುರಸಭೆಯಲ್ಲಿ ಮುಖ್ಯಾಧಿಕಾರಿಗೆ ಬರೆದ ಅರ್ಜಿಯ ನಕಲಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹರಾಜು ಹಿಡಿದವರು ಒಬ್ಬರು, ಅಂಗಡಿ ನಡೆಸುವವರು ಇನ್ನೊಬ್ಬರು ಆಗಿದ್ದರೆ ಸ್ಥಳೀಯ ಸಂಸ್ಥೆಯ ಮಟ್ಟಿಗೆ ನಡೆಸುವವರು ಇಲ್ಲವೇ ಇಲ್ಲ. ಅವರ ಡಿಪಾಸಿಟ್ ಮಧ್ಯದವರ ಪ್ರಾಮಾಣಿಕತೆಗೆ ಬಿಟ್ಟದ್ದು.

ನೋಟೀಸು ಮತ್ತು ಚಾವಿ

ನೋಟೀಸು ಒಂದು ಪುಟ ಸಾಕು: ಕರಾರಿನ ದಿನಾಂಕ, ನೋಂದಣಿ ಸಂಖ್ಯೆ, ಮಳಿಗೆಯ ಗುರುತು, ಯಾವ ಷರತ್ತಿನಡಿ ಬಿಡುತ್ತಿದ್ದೀರಿ, ಸ್ವಾಧೀನ ಒಪ್ಪಿಸುವ ದಿನಾಂಕ, ಡಿಪಾಸಿಟ್ ಮೊತ್ತ, ಹಣ ಬರಬೇಕಾದ ಖಾತೆ. ನಷ್ಟದ ಗೋಳು ಬೇಡ. ‘ಬಾಡಿಗೆ ಕಟ್ಟಲು ಶಕ್ತಿಯಿಲ್ಲ’ ಎಂಬ ವಾಕ್ಯ ಮುಂದೆ ನಿಮ್ಮ ವಿರುದ್ಧವೇ ಬಳಕೆಯಾದೀತು. ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ, ಅದೇ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲೂ ಹಾಕಿ. 106ನೇ ಕಲಮಿನ ಅವಧಿ ಎಣಿಕೆ ಶುರುವಾಗುವುದು ನೋಟೀಸು ತಲುಪಿದ ದಿನದಿಂದ, ಬರೆದ ದಿನದಿಂದಲ್ಲ.

ಯಾರಿಗೆ ಕಳಿಸಬೇಕು ಎಂಬುದೇ ಇಲ್ಲಿ ದೊಡ್ಡ ತೊಡಕು. ಭಟ್ಕಳದ ಮಳಿಗೆಯ ಮಾಲೀಕರು ದುಬೈಯಲ್ಲಿ, ಶಿರಸಿಯ ಕಟ್ಟಡದವರು ಬೆಂಗಳೂರಿನಲ್ಲಿ, ಬಾಡಿಗೆ ವಸೂಲಿಗೆ ಊರಲ್ಲೊಬ್ಬ ಅಳಿಯ. ಅಳಿಯನಿಗೆ ಅಧಿಕಾರ ಪತ್ರ ಇಲ್ಲದಿದ್ದರೆ ಅವನ ಕೈಗೆ ಚಾವಿ ಕೊಟ್ಟದ್ದು ಮುಂದೆ ವಿವಾದವಾಗಬಹುದು. ಕರಾರಿನಲ್ಲಿ ಹೆಸರಿರುವವರಿಗೇ ನೋಟೀಸು, ಅಳಿಯನಿಗೆ ಪ್ರತಿ. ಮಾಲೀಕರು ತೀರಿಕೊಂಡಿದ್ದು ಅಣ್ಣತಮ್ಮಂದಿರಲ್ಲಿ ಪಾಲು ಆಗದೆ ಉಳಿದಿದ್ದರೆ ಎಲ್ಲ ವಾರಸುದಾರರಿಗೂ ಕಳಿಸಿ. ಒಬ್ಬರ ಜೊತೆ ಲೆಕ್ಕ ಮುಗಿಸಿದರೆ ಇನ್ನೊಬ್ಬರು ‘ನನ್ನ ಪಾಲಿನ ಬಾಡಿಗೆ’ ಎಂದು ಬರುತ್ತಾರೆ.

ಒಪ್ಪಿಸುವ ದಿನ ಖಾಲಿ ಮಳಿಗೆಯ ವಿಡಿಯೊ, ಮೀಟರ್ ಓದು, ಚಾವಿಗಳ ಸಂಖ್ಯೆ, ಇಬ್ಬರು ಸಾಕ್ಷಿಗಳ ಸಹಿ ಇರುವ ಸ್ವಾಧೀನ ಪತ್ರ ಆಗಲೇಬೇಕು. ಅದರಲ್ಲಿ ‘ಇನ್ನು ಮುಂದೆ ಪರಸ್ಪರ ಯಾವ ಬಾಕಿಯೂ ಇಲ್ಲ’ ಎಂಬ ಸಾಲು, ಡಿಪಾಸಿಟ್ ವಾಪಸಾದ ವಿವರ ಇರಲಿ. ನೋಂದಾಯಿತ ಲೀಸ್ ಅನ್ನು ನಡುವೆ ಬಿಟ್ಟುಕೊಡುವ ಪತ್ರವನ್ನೂ ನೋಂದಣಿ ಮಾಡಿಸುವುದೇ ಸರಿ. ಮುಂಗಡವಾಗಿ ಕೊಟ್ಟ ಚೆಕ್ಕುಗಳನ್ನು ಸಂಖ್ಯೆ ನಮೂದಿಸಿ ವಾಪಸ್ ಪಡೆಯಿರಿ. ಮರೆತ ಒಂದು ಚೆಕ್ಕು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ದೂರು ಎದುರಿಸಬೇಕಾದೀತು, ನೋಟೀಸು ಕೈಸೇರಿದ ಮೇಲೆ ಹಣ ಕಟ್ಟಲು ಸಿಗುವುದು ಹದಿನೈದೇ ದಿನ.

ಕರಾವಳಿಯಲ್ಲಿ ಜಗಳ ಹೆಚ್ಚಾಗಿ ಗೋಡೆ ಮತ್ತು ಶಟರ್ ಮೇಲೆ. ಉಪ್ಪುಗಾಳಿಗೆ ಶಟರ್ ತುಕ್ಕು ಹಿಡಿಯುವುದು, ಚಿರೆಕಲ್ಲಿನ ಗೋಡೆ ಮಳೆಗೆ ನೀರು ಹೀರಿ ಬಣ್ಣ ಏಳುವುದು ಸಹಜ ಸವೆತ. ಅದರ ಖರ್ಚು ಬಾಡಿಗೆದಾರನದಲ್ಲ. ರ‍್ಯಾಕ್ ಕೂರಿಸಲು ಕೊರೆದ ತೂತು, ಒಡೆದ ಟೈಲ್ಸ್ ನಿಮ್ಮ ಲೆಕ್ಕ. ಮಳೆಗಾಲದಲ್ಲಿ ಖಾಲಿ ಮಾಡುವವರು ಮೇ ತಿಂಗಳಲ್ಲೇ ಗೋಡೆಯ ಫೋಟೊ ತೆಗೆದಿಟ್ಟರೆ ಜುಲೈನ ತೇವದ ಕಲೆ ತಮ್ಮ ತಲೆಗೆ ಬರುವುದಿಲ್ಲ. ನೀವು ಜೋಡಿಸಿದ ಎಸಿ, ಚಿಮಣಿ, ಫಾಲ್ಸ್ ಸೀಲಿಂಗ್ ಬಿಚ್ಚಿಕೊಳ್ಳಲು ಹಕ್ಕಿದೆ, ಕರಾರು ಬೇರೆ ಹೇಳದಿದ್ದರೆ. ಆದರೆ ಅದು ಸ್ವಾಧೀನ ನಿಮ್ಮಲ್ಲಿರುವಾಗ ಮಾತ್ರ. ಚಾವಿ ಕೊಟ್ಟ ಮರುದಿನ ಸ್ಕ್ರೂಡ್ರೈವರ್ ಹಿಡಿದು ಹೋದರೆ ಒಳಗೆ ಬಿಡಬೇಕಾದ ಬಾಧ್ಯತೆ ಮಾಲೀಕರಿಗಿಲ್ಲ.

ಚಾವಿ ತೆಗೆದುಕೊಳ್ಳಲು ಮಾಲೀಕರು ಒಪ್ಪದಿದ್ದರೆ? ಇದು ಹಳೆಯ ತಂತ್ರ. ಚಾವಿ ಹಿಡಿಯದಿದ್ದರೆ ಬಾಡಿಗೆ ಓಡುತ್ತದೆ ಎಂಬ ಲೆಕ್ಕ. ದಿನ, ಗಂಟೆ ತಿಳಿಸಿ ಇನ್ನೊಂದು ನೋಟೀಸು ಕೊಡಿ, ಆ ಹೊತ್ತಿಗೆ ಸಾಕ್ಷಿಗಳೊಂದಿಗೆ ಮಳಿಗೆ ಮುಂದೆ ನಿಂತು ವಿಡಿಯೊ ಮಾಡಿ, ಚಾವಿ ಇಂಥ ವಕೀಲರ ಬಳಿ ಇದೆ, ಯಾವಾಗ ಬೇಕಾದರೂ ಪಡೆಯಬಹುದು ಎಂದು ಅಂದೇ ಬರೆದು ಕಳಿಸಿ. ಒಪ್ಪಿಸಲು ನೀವು ಸಿದ್ಧರಿದ್ದಿರಿ ಎಂಬುದಕ್ಕೆ ಇದೇ ಆಧಾರ.

ಮರೆತುಹೋಗುವ ಬಿಲ್ಲುಗಳು

ಹೆಸ್ಕಾಂ ಮೀಟರಿಗೆ ಒಂದು ಯುನಿಟ್ ಸುಡದಿದ್ದರೂ ಮಂಜೂರಾದ ಲೋಡ್ ಮೇಲಿನ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ಆರ್.ಆರ್. ನಂಬರ್ ನಿಮ್ಮ ಹೆಸರಿನಲ್ಲಿದ್ದರೆ ವರ್ಗಾಯಿಸಿ ಅಥವಾ ಸಂಪರ್ಕ ರದ್ದುಪಡಿಸಿ, ಠೇವಣಿ ಕೇಳಿ ಪಡೆಯಿರಿ. ಉದ್ಯಮ ಪರವಾನಗಿ ರದ್ದತಿಗೂ ಅರ್ಜಿ ಹಾಕಿ.

ಜಿಎಸ್‌ಟಿಯಲ್ಲಿ ಒಂದು ಸೂಕ್ಷ್ಮ ಇದೆ. 2024ರ ಅಕ್ಟೋಬರ್ 10ರಿಂದ, ಮಾಲೀಕರು ನೋಂದಣಿ ಇಲ್ಲದವರಾಗಿದ್ದು ನೀವು ನೋಂದಾಯಿತ ವ್ಯಾಪಾರಿಯಾಗಿದ್ದರೆ ಮಳಿಗೆ ಬಾಡಿಗೆಯ ಮೇಲಿನ ಶೇ. 18 ತೆರಿಗೆ ಕಟ್ಟಬೇಕಾದವರು ನೀವೇ. 18,000ಕ್ಕೆ ಅದು 3,240 ರೂ. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವವರಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ಇದೆ. ಈ ತೆರಿಗೆ ಬಾಕಿ ಬಿಟ್ಟು ಜಿಎಸ್‌ಟಿ ನೋಂದಣಿ ರದ್ದು ಮಾಡಹೊರಟರೆ ಅದು ಅಡ್ಡ ಬರುತ್ತದೆ. ರದ್ದಾದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಸಲ್ಲಿಸಬೇಕು, ಉಳಿದ ದಾಸ್ತಾನಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂದಿರುಗಿಸಬೇಕು.

ದಾಸ್ತಾನು ಬ್ಯಾಂಕಿಗೋ ಸಹಕಾರಿ ಸಂಘಕ್ಕೋ ಅಡಮಾನವಾಗಿದ್ದರೆ, ಅವರಿಗೆ ಬರೆದು ತಿಳಿಸದೆ ರಾತ್ರೋರಾತ್ರಿ ಸಾಗಿಸಬೇಡಿ.

ಮಾತು ಮುರಿದರೆ

ಬಾಕಿಯ ನೆಪದಲ್ಲಿ ಮಾಲೀಕರು ತಾವಾಗಿ ಬೀಗ ಜಡಿದು ಸರಕು ಹಿಡಿದಿಟ್ಟುಕೊಳ್ಳುವಂತಿಲ್ಲ. ಹಾಗಾದರೆ ಪೊಲೀಸ್ ದೂರಿನ ಜೊತೆಗೆ, ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಸ್ವಾಧೀನ ಕೇಳಿ ದಾವೆ ಹೂಡಬಹುದು. ಬಾಕಿ ಬಾಡಿಗೆಗೆ ಮಾಲೀಕರು ದಾವೆ ಹೂಡಲು ಇರುವ ಕಾಲಮಿತಿ ಮೂರು ವರ್ಷ. ಸ್ವಾಧೀನ ಪತ್ರ, ರಸೀದಿಗಳನ್ನು ಅಲ್ಲಿಯವರೆಗಾದರೂ ಕಾಪಾಡಿ.

ಡಿಪಾಸಿಟ್ ಸಿಗದಿದ್ದರೆ ನೇರ ನ್ಯಾಯಾಲಯಕ್ಕೆ ಓಡುವುದಕ್ಕಿಂತ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ನಿಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಗೋ ವ್ಯಾಜ್ಯಪೂರ್ವ ಅರ್ಜಿ ಕೊಡುವುದು ಅಗ್ಗ. ನ್ಯಾಯಾಲಯ ಶುಲ್ಕ ಇಲ್ಲ. ಲೋಕ ಅದಾಲತ್‌ನಲ್ಲಿ ಒಪ್ಪಂದವಾದರೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಮೊತ್ತ, ಕಂತಿನ ದಿನಾಂಕ, ತಪ್ಪಿದರೆ ಬಡ್ಡಿ ಎಷ್ಟು ಎಂಬ ಮೂರನ್ನೂ ಅಂಕಿಯಲ್ಲಿ ಬರೆಸಿಕೊಳ್ಳಿ. ‘ಅನುಕೂಲವಾದಾಗ ಕೊಡುವುದು’ ಎಂಬ ಮಾತನ್ನು ಜಾರಿ ಮಾಡಿಸಲು ಯಾವ ನ್ಯಾಯಾಲಯಕ್ಕೂ ಆಗುವುದಿಲ್ಲ.